ಇಂದಿನ ಚಿಂತನೆ: ಭಾರ ಯಾರ ಮೇಲೆ?



1957ರಲ್ಲಿ ನಮ್ಮ ನೌಕಾಪಡೆ ಸೇರಿದ ‘ಐಎನ್‌ಎಸ್ ಮೈಸೂರು’ ಮೊದಲು ಬ್ರಿಟನ್ನಿನ ‘ನೈಜೀರಿಯಾ’ ಎಂಬ ಲೈಟ್ ಕ್ರೂಸರ್. 1936ರ ಲಂಡನ್ ಒಪ್ಪಂದ ಇಂಥ ಹಡಗಿಗೆ 8,000 ಟನ್ ಮಿತಿ ಹಾಕಿತ್ತು. ವಿನ್ಯಾಸಕಾರರು 12 ಫಿರಂಗಿಗಳನ್ನು ಬಿಡಲೊಪ್ಪಲಿಲ್ಲ. ಪಕ್ಕೆಯ ಉಕ್ಕಿನ ಕವಚವನ್ನು ಹಿಂದಿನ ಹಡಗುಗಳಿಗಿಂತ ತೆಳುಮಾಡಿದರು. ಫಿರಂಗಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಕವಚದ ದಪ್ಪ ಯಾರು ಅಳೆಯುತ್ತಾರೆ? ಆ ತೆಳು ಉಕ್ಕಿನ ಹಿಂದೆ ನಿಂತವರು ನಾವಿಕರು.

ಪಾಪಿನಾಯಕನಹಳ್ಳಿ ರಸ್ತೆಯಲ್ಲಿ ಮಿತಿಮೀರಿ ಅದಿರು ತುಂಬಿದ ಲಾರಿ ಕಂಡಾಗಲೂ ನನಗೆ ಇದೇ ಲೆಕ್ಕ: ಲಾಭ ಮಾಲೀಕನಿಗೆ, ಬ್ರೇಕು ಡ್ರೈವರನ ಕಾಲಡಿ. ಮಧ್ಯಮ ಮಾರ್ಗವೆಂದರೆ ಎರಡರ ನಡುವೆ ಗೆರೆ ಎಳೆಯುವುದು ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಬಿಟ್ಟುಕೊಟ್ಟದ್ದರ ನೋವು ಯಾರ ಮೈಮೇಲೆ ಬೀಳುತ್ತದೆಂದು ನೋಡದ ರಾಜಿ ಲೋಭವೇ.

ಅಂದಹಾಗೆ, ಆ ಹಡಗು ಭಾರತಕ್ಕೆ ಬಂದಾಗ ಇದ್ದದ್ದು 9 ಫಿರಂಗಿ. ಉಳಿದ 3ನ್ನು ಮೊದಲೇ ಇಳಿಸಿದ್ದರು.