ನೀರಿನಡಿಯಲ್ಲಿ ಸವೆಯುವ ತುಂಡು



ಧರ್ಮಸಭೆಯನ್ನು ನಾವು ಪೇತ್ರರ ದೋಣಿ ಎನ್ನುತ್ತೇವೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕ್ರೈಸ್ತ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. ಹಾಗಾದರೆ ನಮ್ಮ ನಿಮ್ಮ ಮನೆಯೂ ಒಂದು ದೋಣಿಯೇ. ದೋಣಿಯನ್ನು ಕಾಪಾಡುವುದು ಹೇಗೆಂದು, ಅದರಲ್ಲೇ ಸಂಸಾರ ಹೂಡಿದವರಿಂದ ಇಂದು ಕಲಿಯೋಣ.

ಇಂಗ್ಲೆಂಡಿನಲ್ಲಿ ಹದಿನೆಂಟನೇ ಶತಮಾನದಲ್ಲಿ ಕಲ್ಲಿದ್ದಲು ಮತ್ತು ಸರಕು ಸಾಗಿಸಲು ತೋಡಿದ ಕಾಲುವೆಗಳಿವೆ. ಇಂದು ಅವುಗಳ ಮೇಲೆ ಸಾವಿರಾರು ಜನ ದೋಣಿಗಳನ್ನೇ ಮನೆ ಮಾಡಿಕೊಂಡಿದ್ದಾರೆ. ಹೆಚ್ಚಿನವು ಉಕ್ಕಿನ ಉದ್ದನೆಯ ದೋಣಿಗಳು, ಅಗಲ ಏಳೇ ಅಡಿ. ಒಲೆ, ಮಂಚ, ಪುಸ್ತಕ ಎಲ್ಲವೂ ಅಷ್ಟರಲ್ಲೇ. ಬೆಳಗಾದರೆ ಬಾತುಗಳು ದೋಣಿಯ ಬದಿಗೆ ಹತ್ತಿದ ಪಾಚಿಯನ್ನು ಟಕಟಕನೆ ಕುಕ್ಕುತ್ತವೆ. ಹಂಸವೊಂದು ಕಿಟಕಿಯ ಬಳಿ ಬಂದು ಕೊಕ್ಕಿನಿಂದ ತಟ್ಟುತ್ತದೆ. ಹಣೆಯ ಮೇಲೆ ಬಿಳಿ ಗುರುತಿರುವ ನಾಮದ ಕೋಳಿ ಕೆಲವೊಮ್ಮೆ ಚುಕ್ಕಾಣಿಯ ಮೇಲೆಯೇ ಗೂಡು ಕಟ್ಟುತ್ತದೆ. ಬಳಕೆಯಲ್ಲಿರುವ ಹಕ್ಕಿಗೂಡನ್ನು ಬೇಕೆಂದೇ ಹಾಳುಮಾಡುವುದು 1981ರ ಕಾನೂನಿನಂತೆ ಅಲ್ಲಿ ಅಪರಾಧ. ಮರಿಗಳು ಹೊರಬರಲು ಮೂರು ವಾರಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಮನೆಯವರು ಎಂಜಿನ್ ಹಾಕದೆ ಕಾಯುತ್ತಾರೆ. ದೇವರ ಪೀಠದ ಬಳಿ ಗುಬ್ಬಿಗೂ ಗೂಡು ದೊರಕಿತೆಂದು ಹಾಡುವ ಎಂಬತ್ತನಾಲ್ಕನೇ ಕೀರ್ತನೆ ನೆನಪಾಗುವುದಿಲ್ಲವೇ?

ಇದೆಲ್ಲ ನೀರಿನ ಮೇಲಿನ ನೋಟ. ದೋಣಿಯ ಯಜಮಾನನ ಚಿಂತೆ ಇರುವುದು ನೀರಿನ ಕೆಳಗೆ. ಮೇಲೆ ಎಷ್ಟೇ ಬಣ್ಣ ಬಳಿದರೂ ತುಕ್ಕು ಹಿಡಿಯುವುದು ಅಡಿಯಲ್ಲಿ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಹೊರತೆಗೆದು, ಪಾಚಿ, ತುಕ್ಕು ಕೆರೆದು, ಕಪ್ಪು ಡಾಂಬರಿನ ಬಣ್ಣ ಹಚ್ಚುತ್ತಾರೆ. ಆಗ ಇನ್ನೊಂದನ್ನೂ ತಪ್ಪದೆ ನೋಡುತ್ತಾರೆ. ಉಕ್ಕಿನ ಮೈಗೆ ಮೆಗ್ನೀಸಿಯಂ ಲೋಹದ ತುಂಡುಗಳನ್ನು ಬೆಸೆದಿರುತ್ತಾರೆ. ಈ ಲೋಹ ಉಕ್ಕಿಗಿಂತ ಬೇಗ ಸವೆಯುವಂಥದ್ದು. ನೀರು ಉಕ್ಕನ್ನು ತಿನ್ನುವ ಬದಲು ಇದನ್ನು ತಿನ್ನುತ್ತದೆ. ಹಡಗಿನ ತಳದ ತಾಮ್ರವನ್ನು ಹೀಗೆ ಇನ್ನೊಂದು ಲೋಹದಿಂದ ಉಳಿಸಬಹುದೆಂದು ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲೇ ತೋರಿಸಿದ್ದರು. ಈ ತುಂಡಿನ ಹೆಸರು 'ಸ್ಯಾಕ್ರಿಫಿಶಿಯಲ್ ಆನೋಡ್', ಅಂದರೆ ಬಲಿಯಾಗುವ ತುಂಡು. ಅದು ಪೂರ್ತಿ ಸವೆದದ್ದನ್ನು ಯಾರೂ ಗಮನಿಸದಿದ್ದರೆ, ಮುಂದೆ ದೋಣಿಯ ತಳವೇ ತೂತಾಗಬಹುದು.

ಪ್ರಿಯ ಕುಟುಂಬಸ್ಥರೇ, ನಿಮ್ಮ ಮನೆಯಲ್ಲಿ ಹೀಗೆ ಸವೆಯುತ್ತಿರುವವರು ಯಾರು? ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ತಾಯಿಯೇ? ಗಲ್ಫಿನಲ್ಲಿ ದುಡಿದು, ತಂಗಿಯರ ಮದುವೆ ಮಾಡಿಸಿ, ತಾನು ಮಾತ್ರ ಒಂಟಿಯಾಗಿ ಉಳಿದ ಅಣ್ಣನೇ? ಹಾಸಿಗೆ ಹಿಡಿದ ಅಜ್ಜಿಗಾಗಿ ಓದು ಬಿಟ್ಟ ಮಗಳೇ? ತಾಯಂದಿರ ತ್ಯಾಗವನ್ನು ಹಬ್ಬದ ದಿನ ಹೊಗಳುತ್ತೇವೆ. ಹೊಗಳಿ ಮನೆಗೆ ಬಂದು ಊಟದ ತಟ್ಟೆಯನ್ನು ಅವಳ ಮುಂದೆಯೇ ತಳ್ಳುತ್ತೇವೆ. ಅವಳು ಒಂದು ದಿನ ಕುಸಿದು ಬಿದ್ದಾಗ ಇಡೀ ಮನೆಗೆ ನೀರು ನುಗ್ಗಿದಂತಾಗುತ್ತದೆ.

ಯೇಸುಸ್ವಾಮಿ ನಮಗಾಗಿ ತಮ್ಮನ್ನೇ ಬಲಿಯಾಗಿ ಅರ್ಪಿಸಿದರು. ಆದರೆ ಅದು ಅವರೇ ಮನಸಾರೆ ಕೊಟ್ಟದ್ದು, ಯಾರೋ ಹೇರಿದ್ದಲ್ಲ. ಹಿಂದಿನ ರಾತ್ರಿ ಶಿಷ್ಯರ ಪಾದಗಳನ್ನು ತೊಳೆದ ಪ್ರಭು, ನೀವೂ ಒಬ್ಬರಿಗೊಬ್ಬರು ಹಾಗೆಯೇ ಮಾಡಿರಿ ಎಂದರು. ಒಬ್ಬರೇ ಎಲ್ಲರ ಪಾದ ತೊಳೆಯಲಿ ಎನ್ನಲಿಲ್ಲ. ಪ್ರೀತಿಯಿಂದ ತನ್ನನ್ನು ಸವೆಸಿಕೊಳ್ಳುವುದು ಪುಣ್ಯ. ಇನ್ನೊಬ್ಬರು ಸವೆಯುವುದನ್ನು ಕಂಡೂ ಸುಮ್ಮನಿರುವುದು ಪಾಪ. ನಮ್ಮ ಪಾಪನಿವೇದನೆಯಲ್ಲಿ ಈ ಪಾಪದ ಹೆಸರು ಎಷ್ಟು ಸಲ ಬಂದಿದೆ?

ಇಂದು ಸಂಜೆ ಜಪಸರ ಮುಗಿದ ಮೇಲೆ ಐದು ನಿಮಿಷ ಹಾಗೆಯೇ ಕುಳಿತುಕೊಳ್ಳಿ. "ನಿನಗೆ ಯಾವ ಕೆಲಸ ಭಾರವಾಗಿದೆ?" ಎಂದು ಪ್ರತಿಯೊಬ್ಬರನ್ನೂ ಕೇಳಿ. ಮೊದಲು ಉತ್ತರ ಬಾರದಿರಬಹುದು. ಸವೆದವರಿಗೆ ಹೇಳಿ ಅಭ್ಯಾಸವಿರುವುದಿಲ್ಲ. ಕಾಯಿರಿ. ಹಕ್ಕಿಯ ಮೊಟ್ಟೆಗಾಗಿ ಮೂರು ವಾರ ಕಾಯುವವರಿರುವಾಗ, ಮನೆಯವರ ಒಂದು ಮಾತಿಗಾಗಿ ನಾವು ಕಾಯಲಾರೆವೇ? ಉತ್ತರ ಬಂದ ಮೇಲೆ ಆ ಕೆಲಸಗಳಲ್ಲಿ ಒಂದನ್ನು ಈ ವಾರವೇ ನಿಮ್ಮ ಕೈಗೆ ತೆಗೆದುಕೊಳ್ಳಿ.

ಬಿರುಗಾಳಿಯಲ್ಲೂ ಶಿಷ್ಯರ ದೋಣಿಯಲ್ಲೇ ಇದ್ದ ಪ್ರಭು ನಿಮ್ಮ ಮನೆಯೆಂಬ ದೋಣಿಯನ್ನು ಆಶೀರ್ವದಿಸಲಿ. ಆಮೆನ್.