ಎಲ್ಲಿಂದ ಬಂದವರು?

ಶಿರಸಿಯ ಹಾಸ್ಟೆಲಿನಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಗೆಳೆಯನನ್ನು ಮೊದಲ ದಿನವೇ ಕೇಳಿದ್ದೆ: 'ನೀವು ಎಲ್ಲಿಂದ ಬಂದವರು?' ಅವನು ನಕ್ಕ. 'ಅಜ್ಜನ ಅಜ್ಜನೂ ಇಲ್ಲೇ ಸತ್ತದ್ದು ಮಾರಾಯ. ನಿಂದು ಯಾವ ಊರು?' ನನ್ನ ಜಾತಿ ತಿಳಿಯಲಿಕ್ಕೆ ಸಿದ್ದಾಪುರದ ಒಡೆಯರು ಕೇಳುವ ಪ್ರಶ್ನೆಯನ್ನೇ ನಾನು ಅವನ ಮೈಬಣ್ಣ ನೋಡಿ ಕೇಳಿದ್ದೆ.

ಪೋರ್ಚುಗೀಸರು ಆಫ್ರಿಕಾದಿಂದ ತಂದು ಗೋವಾದಲ್ಲಿ ಮಾರಿದ ಮನುಷ್ಯರಲ್ಲಿ ಎಷ್ಟೋ ಮಂದಿ ಚಾಟಿ ತಪ್ಪಿಸಿಕೊಂಡು, ಗಡಿ ದಾಟಿ ನಮ್ಮ ಘಟ್ಟದ ಕಾಡು ಹೊಕ್ಕರು. ಒಡೆಯನ ಲೆಕ್ಕದಲ್ಲಿ ಅವರು ಕಳ್ಳರು. ಕದ್ದದ್ದು ಏನನ್ನು? ತಮ್ಮದೇ ಮೈಯನ್ನು!

ಇದು ಹಳೇ ಕತೆ ಅನ್ನಬೇಡಿ. ಮೆಕ್ಸಿಕೋದ ಗಡಿಯ ಅರಿಜೋನಾ ಮರುಭೂಮಿಯಲ್ಲಿ ಇವತ್ತಿಗೂ ಜನ ನೀರಿಲ್ಲದೆ ಸಾಯುತ್ತಾರೆ. ಗಡಿ ದಾಟಿ ಬಂದ ಇಬ್ಬರಿಗೆ ಊಟ, ನೀರು, ಮಲಗಲು ಜಾಗ ಕೊಟ್ಟನೆಂದು 2018ರಲ್ಲಿ ಸ್ಕಾಟ್ ವಾರೆನ್ ಎಂಬ ಮೇಷ್ಟರನ್ನು ಅಲ್ಲಿ ಹಿಡಿದರು. 2019ರ ನವೆಂಬರಿನಲ್ಲಿ ಜ್ಯೂರಿ ಅವನನ್ನು ಬಿಟ್ಟಿತು. ನೀರು ಕೊಟ್ಟರೆ ಅಪರಾಧ! 1927ರಲ್ಲಿ ಕೆರೆ ನೀರು ಮುಟ್ಟಿದ್ದಕ್ಕೆ ಮಹಾಡಿನಲ್ಲಿ ಹೊಡೆತ ತಿಂದವರ ಕುಲದ ನಮಗೆ ಇದು ಗೊತ್ತಿಲ್ಲದ್ದೇನಲ್ಲ.

ಆದರೆ ನಮ್ಮಲ್ಲಿ ನೀರು ಕೊಟ್ಟ ಕೈ ಏನು ಮಾಡಿತು? ಓಡಿ ಬಂದವರಿಗೆ ಅಡಿಕೆ ತೋಟದ ಅಂಚಿನಲ್ಲಿ ಗುಡಿಸಲು ಸಿಕ್ಕಿತು. ಗುಡಿಸಲಿನ ಹಿಂದೆ ಸಾಲ, ಸಾಲದ ಹಿಂದೆ ಜೀತ. ಜೀತ ರದ್ದತಿ ಕಾಯ್ದೆ ಬರಲಿಕ್ಕೆ 1976 ಆಯ್ತು. ಕಾಗದ ಇಲ್ಲದವನು ಬೇಡ ಎನ್ನುವವನಿಗಿಂತ, ಕಾಗದ ಇಲ್ಲ ಅಂತಲೇ ಅವನು ಬೇಕು ಎನ್ನುವವನಿಗೆ ನಾನು ಹೆಚ್ಚು ಹೆದರುತ್ತೇನೆ. ಅವನು ಅನ್ನವನ್ನೂ ಹಾಕುತ್ತಾನೆ, ದಯಾಳು ಎಂಬ ಹೆಸರನ್ನೂ ಪಡೆಯುತ್ತಾನೆ. ಕೂಲಿ ಕೇಳಿದ ದಿನ ಪೋಲೀಸರ ಹೆಸರು ಹೇಳುತ್ತಾನೆ.

ಪಕ್ಕದ ಮುಂಡಗೋಡಿನಲ್ಲಿ 1966ರ ಹೊತ್ತಿಗೆ ಟಿಬೆಟ್ಟಿನ ನಿರಾಶ್ರಿತರಿಗೆ ಸರಕಾರವೇ ನೆಲ ಕೊಟ್ಟಿತು. ಒಳ್ಳೆಯದೇ ಆಯ್ತು. ಮನಸ್ಸಿದ್ದರೆ ಕೊಡಲಿಕ್ಕೆ ಬರುತ್ತದೆ ಅಂತಾಯ್ತಲ್ಲ!

ಇಲ್ಲಿ ನನ್ನ ಹೊಟ್ಟೆಕಿಚ್ಚನ್ನೂ ಹೇಳಿಬಿಡಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವರು 13-12-2005ಕ್ಕೆ ಮೊದಲಿನಿಂದ ಕಾಡಿನಲ್ಲಿದ್ದೆವೆಂದು ತೋರಿಸಿದರೆ ಸಾಕು. ದಲಿತನಾದ ನನ್ನಪ್ಪ ಮೂರು ತಲೆಮಾರಿನ, 75 ವರ್ಷದ ಸಾಕ್ಷಿ ತರಬೇಕು. ಅಕ್ಷರವನ್ನೇ ಮುಟ್ಟಗೊಡದ ಮನೆಯಲ್ಲಿ ಕಾಗದ ಎಲ್ಲಿಂದ ಬಂತು? ಗೆಳೆಯನ ಅಜ್ಜಿಯ ಅರ್ಜಿ ಬರೆಯುವಾಗ ನನ್ನ ಪೆನ್ನು ಒಂದು ಗಳಿಗೆ ನಿಂತಿತ್ತು. ಬರೆದೆ. ಆದರೂ ನಿಂತದ್ದು ನಿಜ.

ಹಿರಿಯರ ಮಾತೂ ಸಾಕ್ಷಿ ಎನ್ನುತ್ತದೆ ನಿಯಮ. ಪಂಚನಾಮೆಯ ದಿನ ನೆರೆಯ ಮುದುಕ ಹೇಳಿದ: 'ಈ ಹಲಸಿನ ಮರ ಇವಳ ಅವ್ವ ನೆಟ್ಟದ್ದು.' ಬರೆದುಕೊಳ್ಳುತ್ತಿದ್ದವನು ತಲೆ ಎತ್ತದೆ ಅಜ್ಜಿಯನ್ನು ಕೇಳಿದ: 'ಅದಕ್ಕೂ ಮೊದ್ಲು ಎಲ್ಲಿದ್ರಿ?'