ಆಪತ್ತಿಗಾದ ಎಡಿಟರ್

ಎಡಿಟರ್‌ಗಳಲ್ಲಿ ವಿಐ ಮೇಲೋ ಈಮ್ಯಾಕ್ಸ್ ಮೇಲೋ ಎಂಬ ಜಗಳ ಸರ್ವರ್ ನೋಡಿಕೊಳ್ಳುವವರ ನಡುವೆ ಒಮ್ಮೆ ಹತ್ತಿಕೊಂಡರೆ ಸುಲಭಕ್ಕೆ ಆರುವುದಿಲ್ಲ. ಎರಡೂ 1976ರ ಆಸುಪಾಸಿನಲ್ಲಿ ಹುಟ್ಟಿದವು. ಜಗಳಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಯುನಿಕ್ಸ್ ಯಂತ್ರ ಮೇಲೇಳದೆ ಕುಳಿತ ರಾತ್ರಿ ಮಾತ್ರ ಈ ಜಗಳಕ್ಕೆ ಕಾಸಿನ ಬೆಲೆಯಿಲ್ಲ. ಇಲ್ಲಿ ಯಾವುದು ಓಡುತ್ತದೆ ಎನ್ನುವುದಷ್ಟೇ ಆಗಿನ ಚಿಂತೆ.

ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ತಪ್ಪಿದರೆ ಸಾಕು, ಬೂಟ್ ಅರ್ಧಕ್ಕೇ ನಿಂತು ಯಂತ್ರ ಸಿಂಗಲ್ ಯೂಸರ್ ಮೋಡ್‌ಗೆ ಇಳಿಯಬಹುದು. ಹಳೆಯ ಪದ್ಧತಿಯ ಯುನಿಕ್ಸ್‌ನಲ್ಲಿ ಆಗ ಕೈಗೆ ಸಿಗುವುದು ರೂಟ್ ಪಾರ್ಟಿಷನ್ ಒಂದೇ, ಅದೂ ಓದುವುದಕ್ಕಷ್ಟೇ. ಅದನ್ನು ಬರೆಯಲು ಬರುವಂತೆ ಮರುಮೌಂಟ್ ಮಾಡಿಕೊಂಡೆವು ಎನ್ನಿ. ವಿಐ ಇರುವುದು ಯುಎಸ್‌ಆರ್ ಪಾರ್ಟಿಷನ್ನಿನಲ್ಲಿ, ಅದಿನ್ನೂ ಮೌಂಟ್ ಆಗಿಲ್ಲ. ಸಿಕ್ಕರೂ ಅದಕ್ಕೆ ಎದುರಿನ ಟರ್ಮಿನಲ್ ಯಾವ ಜಾತಿಯದೆಂದು ತಿಳಿಯಬೇಕು. ಆ ವಿವರವೂ ಅನೇಕ ಕಡೆ ಯುಎಸ್‌ಆರ್ ಒಳಗೇ ಇರುತ್ತದೆ!

ಎಡ್ ಎಂಬ ಹಳೆಯ ಎಡಿಟರ್‌ಗೆ ಆ ಗೊಡವೆಯಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅದನ್ನು ಬರೆದಾಗ 1969; ಪರದೆಯಿಲ್ಲದ, ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್‌ಗಳ ಕಾಲ. ಸಾಲಿನ ಸಂಖ್ಯೆ ಹೇಳಿದರೆ ಆ ಸಾಲು ತೋರಿಸುತ್ತದೆ, ತಿದ್ದೆಂದರೆ ತಿದ್ದುತ್ತದೆ. ತಪ್ಪು ಟೈಪಿಸಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಿಸಾಕಿ ಸುಮ್ಮನಾಗುತ್ತದೆ. ದಿನವಿಡೀ ಇದರೊಂದಿಗೆ ಏಗಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಫ್ರೀಬಿಎಸ್‌ಡಿಯವರು ಇಂದಿಗೂ ಇದನ್ನು ರೂಟ್‌ನ ಬಿನ್‌ನಲ್ಲೇ ಇಟ್ಟಿದ್ದಾರೆ. ಜೊತೆಗೆ ರೆಸ್ಕ್ಯೂ ಎಂಬ ಡೈರೆಕ್ಟರಿಯಲ್ಲಿ ಯಾವ ಲೈಬ್ರರಿಯ ಹಂಗೂ ಇಲ್ಲದ ಎಡ್, ವಿಐ ಎರಡನ್ನೂ ಕೊಡುತ್ತಾರೆ. ಲೈಬ್ರರಿಯೇ ಹಾಳಾದ ದಿನ ಅದರ ಬೆಲೆ ತಿಳಿಯುತ್ತದೆ.

ಈಮ್ಯಾಕ್ಸ್‌ನವರಿಗೂ ಹೇಳಿಕೊಳ್ಳಲು ಒಂದು ಕಥೆಯಿದೆ. 1986ರಲ್ಲಿ ಮಾರಿಯೋ ವೋಲ್ಚ್‌ಕೋ ಬರೆದದ್ದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವ್ಯಾಕ್ಸ್ ಯಂತ್ರವೊಂದರಲ್ಲಿ ಯಾರೋ ರೂಟ್‌ನಿಂದಲೇ ಎಲ್ಲವನ್ನೂ ಅಳಿಸಲು ಹೊರಟು, ತಡೆಯುವಷ್ಟರಲ್ಲಿ ಬಿನ್, ಇಟಿಸಿ ಎಲ್ಲ ಹೋಗಿದ್ದವು. ಅದೃಷ್ಟಕ್ಕೆ ಈಮ್ಯಾಕ್ಸ್ ಆಗಲೇ ತೆರೆದಿತ್ತು. ಅಸೆಂಬ್ಲಿ ಪ್ರೋಗ್ರಾಮೊಂದರ ಬೈಟ್‌ಗಳನ್ನು ಅದರಲ್ಲೇ ಟೈಪ್ ಮಾಡಿ ಯಂತ್ರವನ್ನು ಬದುಕಿಸಿಕೊಂಡರು. ಅಂಥ ಅದೃಷ್ಟವನ್ನು ನೆಚ್ಚಿ ಕೂರಲಾದೀತೆ?

ಹಲವು ಲಿನಕ್ಸ್‌ಗಳಲ್ಲಿ ಈಗ ಎಡ್ ತಾನಾಗಿ ಬರುವುದಿಲ್ಲ. ನಿಮ್ಮ ಸರ್ವರ್‌ನಲ್ಲಿ ಇದೆಯೇ ಎಂದು ಇವತ್ತೇ ನೋಡಿ, ಇಲ್ಲದಿದ್ದರೆ ಹಾಕಿಕೊಳ್ಳಿ. ಸಾಲು ತೋರಿಸುವ, ತಿದ್ದುವ, ಉಳಿಸುವ, ಹೊರಬರುವ ನಾಲ್ಕು ಕಮಾಂಡ್‌ಗಳನ್ನು ಯಂತ್ರ ನೆಟ್ಟಗಿರುವಾಗಲೇ ಕೈಗೆ ರೂಢಿ ಮಾಡಿಸಿ.